ಚಿನ್ನದ ಮೂಲೆಯಡಿಯ ಹೆಸರು

ಠಾಣೆಯ ಕೈಗಾರಿಕಾ ಪ್ರದೇಶವಾದ ವಾಗ್ಳೆ ಎಸ್ಟೇಟಿನ ನಮ್ಮ ವರ್ಕ್‌ಶಾಪಿನಲ್ಲಿ ನಾನು ಕೂರುತ್ತಿದ್ದ ಮೇಜಿಗೆ ಈಗ ಇಬ್ಬರು ಹುಡುಗಿಯರು ಬಂದಿದ್ದಾರೆ. ಹಳೆಯ ಕಾಗದ ಕಾಪಾಡುವ ವಿದ್ಯೆಯನ್ನು ಕಾಲೇಜಿನಲ್ಲಿಯೇ ಓದಿ ಬಂದವರು. ಮೊನ್ನೆ ಫೋನ್ ಮಾಡಿ, "ಅಂಕಲ್, ನೀವು ಏನೇನ್ ಗಲ್ತಿ ಮಾಡಿದ್ರಿ ಅಂತ ಬರೆದು ಕೊಡಿ ನಾ. ನಾವು ಅದು ಬಿಟ್ಟು ಬೇರೆ ಗಲ್ತಿ ಮಾಡ್ತೇವೆ" ಎಂದರು. ಎಷ್ಟು ಚೆಂದದ ಮಾತು! ನಿವೃತ್ತನ ಹತ್ತಿರ ಎಲ್ಲರೂ ಸಾಧನೆ ಕೇಳುತ್ತಾರೆ. ತಪ್ಪು ಕೇಳಿದವರು ಇವರೇ ಮೊದಲು. ಅದಕ್ಕೇ ಬರೆಯಲು ಕೂತೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಬರೆಯಲು ಇರುವುದೂ ಅಷ್ಟೇ: ಮೊದಲು ಸ್ಟೂಲ್ ಇತ್ತು, ಆಮೇಲೆ ಕುರ್ಚಿ ಬಂತು.

ನಾನು ಉಡುಪಿ ಕಡೆಯವನು. ಠಾಣೆ ಸ್ಟೇಷನ್ನಿನ ಹತ್ತಿರದ ಒಂದು ಅಂಗಡಿಯಲ್ಲಿ ಇಪ್ಪತ್ತು ವರ್ಷ ದೇವರ ಪಟಗಳಿಗೂ ಮದುವೆ ಫೋಟೋಗಳಿಗೂ ಚೌಕಟ್ಟು ಹಾಕುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾದಾಗ ಆ ಅಂಗಡಿ ಮೊಬೈಲ್ ಅಂಗಡಿಯಾಯಿತು. ಆಗ ನನ್ನನ್ನು ಕರೆದವರು ದೇವಧರ ಬಾಯಿ. ಮರಾಠಿಯ ಮರ್ಯಾದೆಯಂತೆ ಎಲ್ಲರಿಗೂ ಅವರು ಬರೀ 'ಬಾಯಿ'. ಡೊಂಬಿವಲಿಯವರು, ನನಗಿಂತ ಐದಾರು ವರ್ಷಕ್ಕೆ ದೊಡ್ಡವರು. ಹಳೆಯ ಕಾಗದಗಳನ್ನು ದುರಸ್ತಿ ಮಾಡುವ ವರ್ಕ್‌ಶಾಪನ್ನು ವಾಗ್ಳೆ ಎಸ್ಟೇಟಿನಲ್ಲಿ ಎರಡು ಪ್ರೆಸ್ಸುಗಳ ನಡುವೆ ನಡೆಸುತ್ತಿದ್ದರು. ಅವರಲ್ಲಿಗೆ ಬರುತ್ತಿದ್ದ ಕೆಲಸದಲ್ಲಿ ಅರ್ಧಕ್ಕರ್ಧ ಪರ್ಷಿಯನ್ ಕೈಬರಹದ ಹಾಳೆಗಳು. ಬಿದಿರಿನಂಥ ಜೊಂಡಿನ ಲೇಖನಿಯಿಂದ ಕಪ್ಪು ಮಸಿಯಲ್ಲಿ ಓರೆಯಾಗಿ ಬರೆದ ನಾಲ್ಕು ಸಾಲು, ಸುತ್ತ ಚಿನ್ನದ ಬಳ್ಳಿ. ಶ್ರೀಮಂತರು ಅವನ್ನು ಕೊಂಡು ಕೂಡಿಡುತ್ತಾರೆಂದು ಆವರೆಗೆ ನನಗೆ ಗೊತ್ತೇ ಇರಲಿಲ್ಲ.

ಮೊದಲ ವಾರವೇ ಮೊದಲ ಅನಾಹುತ. ಮೇಜಿನ ಮೇಲೆ ಒಂದು ಹಾಳೆ ಇತ್ತು. ನೋಡುತ್ತೇನೆ, ಅಕ್ಷರದ ಮೇಲೆ ಮೂರು ಕಪ್ಪು ಚುಕ್ಕಿ. ಇಪ್ಪತ್ತು ವರ್ಷ ಲಕ್ಷ್ಮಿ, ವೆಂಕಟರಮಣರ ಪಟದ ಮೇಲೆ ನೊಣ ಕೂತು ಮಾಡಿದ ಕಲೆಗಳನ್ನು ಒರೆಸಿದ ಕೈ ನನ್ನದು. ಹತ್ತಿಯನ್ನು ಒದ್ದೆ ಮಾಡಿ ಒಂದು ಚುಕ್ಕಿಯನ್ನು ಮುಟ್ಟಿದೆ, ಅಷ್ಟೇ. ಮಾಯ! ಹತ್ತಿ ಕಪ್ಪಾಯಿತು, ಕಾಗದ ಬೆಳ್ಳಗಾಯಿತು. "ವಾಹ್, ನೊಣದ ಕಲೆ ಎಷ್ಟು ಬೇಗ ಹೋಯಿತು" ಎಂದು ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ದೇವಧರ ಬಾಯಿ ಚೀರಿದರು. ಆ ಚೀರುವಿಕೆಗೆ ಪಕ್ಕದ ಪ್ರೆಸ್ಸಿನವರು ಮಷೀನ್ ನಿಲ್ಲಿಸಿ ಬಂದರು.

"ಅರೇ ದೇವಾ! ಸದಾನಂದ, ತೋ ನುಕ್ತಾ ಹೋತಾ! ಅಕ್ಷರದ ಚುಕ್ಕಿ ಅದು, ಅಕ್ಷರದ್ದೇ ಭಾಗ!"

ಅಂದು ಸಂಜೆ ಕಲ್ಯಾಣದಿಂದ ಕಾಜಿ ಮಾಸ್ತರರು ಬಂದರು. ಹೈಸ್ಕೂಲಿನಲ್ಲಿ ಉರ್ದು, ಪರ್ಷಿಯನ್ ಕಲಿಸಿ ನಿವೃತ್ತರಾದವರು. ನಮ್ಮಲ್ಲಿಗೆ ಬರುವ ಹಾಳೆಗಳನ್ನು ಓದಿ ಹೇಳುತ್ತಿದ್ದವರು ಅವರೊಬ್ಬರೇ. ನಾನು ಕೆಲಸ ಹೋಯಿತೆಂದೇ ಮೂಲೆಯಲ್ಲಿ ನಿಂತಿದ್ದೆ. ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು, ಗಹಗಹಿಸಿ ನಕ್ಕರು. "ಭಾಯಿಸಾಬ್, ಬರೆಯುವವರೂ ತಪ್ಪಾದರೆ ಇದನ್ನೇ ಮಾಡ್ತಿದ್ರು. ನಾಲಿಗೆಯಲ್ಲಿ ನೆಕ್ಕಿ ಅಳಿಸ್ತಿದ್ರು. ನೀವು ಹತ್ತಿಯಾದರೂ ತಗೊಂಡ್ರಿ!" ಎಂದರು.

ಹೊಸಬರೇ, ಇದೊಂದನ್ನು ನೆನಪಿಡಿ. ಈ ಮಸಿ ದೀಪದ ಕಾಡಿಗೆಯನ್ನು ಗೋಂದಿನಲ್ಲಿ ಕಲಸಿದ್ದು. ಕಾಗದಕ್ಕೆ ಗಂಜಿ ಸವರಿ, ಕಲ್ಲಿನಿಂದ ಉಜ್ಜಿ ಕನ್ನಡಿಯಂತೆ ನುಣುಪು ಮಾಡಿರುತ್ತಾರೆ. ಮಸಿ ಒಳಗೆ ಇಳಿಯುವುದಿಲ್ಲ, ಮೇಲೆಯೇ ಕೂತಿರುತ್ತದೆ. ನೀರು ತಾಗಿದರೆ ಮುಗಿಯಿತು. ನೂರಾರು ವರ್ಷ ರಾಜರು ಕಾಪಾಡಿದ್ದನ್ನು ನಿಮ್ಮ ಮೂಗಿನ ಒಂದು ಹನಿ ಬೆವರು ಅಳಿಸಬಲ್ಲುದು.

ಹೋದ ಚುಕ್ಕಿಯನ್ನು ಮತ್ತೆ ಇಟ್ಟುಬಿಡಿ ಎಂದು ನಾನು ಮಾಸ್ತರರ ಕೈಕಾಲು ಹಿಡಿದೆ. ದೇವಧರ ಬಾಯಿ ಒಪ್ಪಲಿಲ್ಲ. ಇದ್ದದ್ದನ್ನು ಉಳಿಸುವುದು ನಮ್ಮ ಕೆಲಸ, ಇಲ್ಲದ್ದನ್ನು ಬರೆಯುವುದಲ್ಲ ಎಂದರು. ಹಾಳೆಯ ಮಾಲೀಕರ ಎದುರು ನನ್ನ ತಪ್ಪನ್ನು ತಾವೇ ಹೇಳಿ ಬೈಗುಳ ತಿಂದರು. ಅಂಥ ಮೇಲಧಿಕಾರಿ ನಿಮಗೂ ಸಿಗಲಿ. ಬೈಯುವಾಗ ಮಾತ್ರ ಮರಾಠಿಯ ಒಂದು ಬೈಗುಳವನ್ನೂ ಉಳಿಸುತ್ತಿರಲಿಲ್ಲ.

ನನ್ನ ಮಾನ ಉಳಿಸಿದ್ದು ಕೂಡ ಚುಕ್ಕಿಯೇ. ಲೇಖನಿಯನ್ನು ಒಮ್ಮೆ ಒತ್ತಿ ಎತ್ತಿದರೆ ವಜ್ರದಾಕಾರದ ಒಂದು ಚುಕ್ಕಿ ಬೀಳುತ್ತದೆ, ಅಕ್ಷರದ ಎತ್ತರ, ಹೊಟ್ಟೆ, ಬಾಲ ಎಲ್ಲಕ್ಕೂ ಆ ಚುಕ್ಕಿಯೇ ಅಳತೆ ಎಂದು ಮಾಸ್ತರರು ತೋರಿಸಿದರು. ನನಗೆ ರೋಮಾಂಚನವಾಯಿತು! ನನ್ನ ಅಮ್ಮ ಅಂಗಳದಲ್ಲಿ ಮೊದಲು ಚುಕ್ಕಿ ಇಟ್ಟು ಆಮೇಲೆ ರಂಗೋಲಿಯ ಗೆರೆ ಎಳೆಯುತ್ತಿದ್ದಳು. ಇವರು ಚುಕ್ಕಿಯನ್ನು ಮನಸ್ಸಿನಲ್ಲಿಟ್ಟು ಗೆರೆ ಎಳೆಯುತ್ತಾರೆ. ಅಂದಿನಿಂದ ಹುಚ್ಚೇ ಹಿಡಿಯಿತು. ಊಟದ ಬಿಡುವಿನಲ್ಲಿ ಟ್ರೇಸಿಂಗ್ ಪೇಪರ್ ಇಟ್ಟುಕೊಂಡು ಚುಕ್ಕಿ ಎಣಿಸುತ್ತಿದ್ದೆ. ಓದಲು ಮಾತ್ರ ಕಲಿಯಲಿಲ್ಲ. ಮಾಸ್ತರರೇ ಬೇಡವೆಂದರು. "ನಾನು ಹಾಳೆ ನೋಡಿದ ಕೂಡಲೇ ಅರ್ಥದ ಹಿಂದೆ ಹೋಗ್ತೇನೆ. ನೀವು ಬರೀ ಆಕಾರ ನೋಡ್ತೀರಿ. ನಮಗೆ ಎರಡೂ ಬೇಕು" ಎಂದರು.

ನಾನು ಬಂದಾಗ ಮೈದಾ ಅಂಟಿಗೆ ಮೈಲುತುತ್ತ ಬೆರೆಸುವ ಕಾಲ. ಹುಳ ಬರುವುದಿಲ್ಲ, ನಿಜ. ಆದರೆ ಇಪ್ಪತ್ತು ವರ್ಷದಲ್ಲಿ ಕಾಗದವೇ ಹಸಿರಾಗಿ ಮುರಿಯುತ್ತದೆ. ಹಾಳೆಗೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಿ ತಂದು, "ನೋಡಿ, ಎಷ್ಟು ಸೇಫ್!" ಎನ್ನುವವರೂ ಇದ್ದರು. ಸೆಲೋ ಟೇಪ್ ಅಂಟಿಸಿದವರ ವಿಷಯ ಎತ್ತಬೇಡಿ, ಬಿ.ಪಿ. ಏರುತ್ತದೆ. ಬರಬರುತ್ತ ಗೋಧಿಯ ಗಂಜಿ, ಜಪಾನಿನ ತೆಳು ಕಾಗದ, ಕೆಳಗಿನಿಂದ ಬೆಳಕು ಬರುವ ಮೇಜು ಬಂದವು. ವಾಟ್ಸಾಪ್ ಬಂದ ಮೇಲೆ ಹೊಸ ಕಾಟ ಶುರುವಾಯಿತು. ಜನ ಲೋಕಲ್‌ನಲ್ಲಿ ನಿಂತುಕೊಂಡೇ ಮಸುಕು ಫೋಟೋ ಕಳಿಸಿ, "ಅಸಲಿಯಾ ನಕಲಿಯಾ, ಜಲ್ದಿ ಹೇಳಿ" ಎನ್ನುತ್ತಿದ್ದರು.

ಈಗ ನಮ್ಮ ಭುಜಂಗ ಶೆಟ್ಟರ ವಿಷಯ. ನೆರೂಳದಲ್ಲಿ ಅವರ ಹೋಟೆಲು. ಅವರ ತಂದೆ ಹಿಂದೆ ಒಬ್ಬ ಇರಾನಿಯ ಹೋಟೆಲಿನಲ್ಲಿ ದುಡಿದವರು. ಆ ಮುದುಕ ಅಂಗಡಿ ಮುಚ್ಚುವಾಗ ಗೋಡೆಯ ಮೇಲಿದ್ದ ಒಂದು ಕೈಬರಹದ ಹಾಳೆಯನ್ನು ಇವರ ತಂದೆಗೆ ಕೊಟ್ಟನಂತೆ. ಅಲ್ಲಿಂದ ಶುರುವಾದ ಮರುಳು. ಇಡ್ಲಿ, ವಡೆ, ನೀರುದೋಸೆಯ ನಡುವೆ ಗೋಡೆ ತುಂಬ ಪರ್ಷಿಯನ್ ಪದ್ಯ! ನನ್ನ ಹಾಗೆ ಅವರಿಗೂ ಒಂದಕ್ಷರ ಓದಲು ಬಾರದು. "ಓದ್ಲಿಕ್ಕೆ ಬರದಿದ್ರೆ ಎಂಥದು ಮಾರಾಯ್ರೆ, ನೋಡ್ಲಿಕ್ಕೆ ಬರ್ತದಲ್ಲ" ಎನ್ನುತ್ತಿದ್ದರು.

ಅವರ ಹೋಟೆಲಿನ ಒಳಕೋಣೆಯಲ್ಲಿ ಒಂದೇ ಪದ್ಯದ ನಾಲ್ಕು ಹಾಳೆಗಳನ್ನು ನಾನೇ ಚೌಕಟ್ಟು ಹಾಕಿ ಸಾಲಾಗಿ ತೂಗು ಹಾಕಿದೆ. ಮಟ್ಟಗೋಲು ಇಟ್ಟು, ದಾರ ಹಿಡಿದು, ಕೂದಲೆಳೆಯಷ್ಟೂ ಓರೆಯಾಗದ ಹಾಗೆ. ಎರಡು ವರ್ಷ ಬಂದವರೆಲ್ಲ ಹೊಗಳಿದರು. ಒಮ್ಮೆ ಕಾಜಿ ಮಾಸ್ತರರು ಅಲ್ಲಿ ಚಹಾಕ್ಕೆ ಕೂತವರು ಕಪ್ಪನ್ನು ಕೆಳಗಿಟ್ಟರು. "ಸದಾನಂದ ಭಾಯಿ, ಈ ಪದ್ಯ ವಿದಾಯ ಹೇಳಿ ಆಮೇಲೆ ಮನೆಗೆ ಬರ್ತಾ ಇದೆ!" ಪರ್ಷಿಯನ್ ಬಲದಿಂದ ಎಡಕ್ಕೆ ಓದುವ ಭಾಷೆ. ನಾವಿಬ್ಬರು ಘಟ್ಟದ ಕೆಳಗಿನವರು ಎಡದಿಂದ ಬಲಕ್ಕೆ ತೂಗು ಹಾಕಿ ಬೀಗಿದ್ದೆವು. ಶೆಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂಗನ ಕೈಯಲ್ಲಿ ಮಾಣಿಕ್ಯ ಎಂದರೆ ನಾವೇ ನೋಡಿ.

ಅದೇ ಶೆಟ್ಟರು ಒಂದು ದಿನ ಮುಖವೆಲ್ಲ ಹಲ್ಲಾಗಿ ಒಂದು ಹಾಳೆ ತಂದರು. ಎಲ್ಲೋ ಹರಾಜಿನಲ್ಲಿ ಕೊಂಡದ್ದು. ಓರೆಯಾದ ನಾಲ್ಕು ಸಾಲು. ಮೇಲಿನ ಮೂಲೆಯಲ್ಲಿ ಇರಾನಿನ ಬಹಳ ದೊಡ್ಡ ಲಿಪಿಕಾರರೊಬ್ಬರ ಸಹಿ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಪಾಪ, ಅವರ ತಪ್ಪೇನೂ ಇಲ್ಲ. ಕೆಳಗಿನ ಎಡ ಮೂಲೆಯಲ್ಲಿ ಚಿನ್ನದ ಹೂಬಳ್ಳಿಯ ಒಂದು ತ್ರಿಕೋನ. ವಾಶಿಯಲ್ಲಿ ಸಂಗ್ರಾಹಕರೆಲ್ಲ ಸೇರಿ ನಡೆಸುವ ಪ್ರದರ್ಶನಕ್ಕೆ ಮೂರೇ ವಾರ ಇತ್ತು. ಶೆಟ್ಟರು ಆಗಲೇ ಊರಿಗೆಲ್ಲ ಹೇಳಿ ಆಗಿತ್ತು.

ನಾನು ಅಭ್ಯಾಸದಂತೆ ಚುಕ್ಕಿ ಎಣಿಸಲು ಕೂತೆ. ಸಾಲುಗಳ ಚುಕ್ಕಿಗಳಿಗೆ ನಾಲ್ಕು ಚೂಪು ಮೂಲೆ, ಸಹಿಯ ಚುಕ್ಕಿಗಳು ಗುಂಡಗೆ. ಲೇಖನಿ ಬೇರೆ, ಕೈ ಬೇರೆ! ಓದಬಲ್ಲವರು ಆ ದೊಡ್ಡ ಹೆಸರು ನೋಡಿ ಕೈ ಮುಗಿದು ಮುಂದೆ ಹೋಗಿದ್ದರು. ನನಗೆ ಹೆಸರೇ ಕಾಣದ್ದರಿಂದ ಚುಕ್ಕಿ ಕಂಡಿತು. ಬಾಯಿಯನ್ನು ಕೂಗಿದೆ. ಹಾಳೆಯನ್ನು ಬೆಳಕಿನ ಮೇಜಿನ ಮೇಲೆ ಇಟ್ಟೆವು. ಚಿನ್ನದ ತ್ರಿಕೋನ ಬೇರೆ ಕಾಗದದ ತೇಪೆ. ಅದರ ಅಡಿಯಲ್ಲಿ ಕಪ್ಪಗೆ ಎರಡು ಪುಟ್ಟ ಸಾಲು.

"ಖರೀ ಸಹೀ ಖಾಲೀ ಆಹೆ," ಎಂದರು ಬಾಯಿ. ನಿಜವಾದ ಸಹಿ ಕೆಳಗಿದೆ. ಯಾರೋ ವ್ಯಾಪಾರಿ ಅದನ್ನು ಮುಚ್ಚಿ, ದೊಡ್ಡ ಹೆಸರನ್ನು ಮೇಲೆ ಬರೆದಿದ್ದ.

ಮಾಸ್ತರರಿಗೆ ಫೋನ್ ಮಾಡಿದೆ. ಅವರು ಕಲ್ಯಾಣದಿಂದ ಸಿಕ್ಕಿದ ಫಾಸ್ಟ್ ಲೋಕಲ್ ಹಿಡಿದು ಬಂದರು. ಕನ್ನಡಕ ಒರೆಸಿ, ಬೆಳಕಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಮೇಲಿನ ಸಾಲು ಚಿನ್ನದ ಗೀರುಗಳಲ್ಲಿ ಕಲಸಿಹೋಗಿತ್ತು. ಕೆಳಗಿನದರಲ್ಲಿ ಬಿಡಿ ಬಿಡಿಯಾಗಿ ಕೆಲವು ಪದ ಓದಲು ಸಿಕ್ಕವು. "ಮುನ್ಶಿ... ಬದ್ರುದ್ದೀನ್... ಬಂದರ್ ಕಲ್ಯಾಣ್..." ಅಷ್ಟು ಹೇಳಿ ಅವರು ನನ್ನ ಕುರ್ಚಿಯಲ್ಲಿ ಕುಸಿದು ಕೂತರು.

ಮುನ್ಶಿ ಬದ್ರುದ್ದೀನ್ ಎಂದರೆ ಕಾಜಿ ಮಾಸ್ತರರ ಅಜ್ಜನ ಅಜ್ಜ. ಕಲ್ಯಾಣದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಬಳಿ ಅವರ ಮನೆ. ಬರೆಯುವುದೇ ಅವರ ವೃತ್ತಿಯಾಗಿತ್ತು. ಅವರು ಬರೆದ ಹಾಳೆಗಳೆಲ್ಲ ಒಂದು ಟ್ರಂಕಿನಲ್ಲಿದ್ದವು. ಮಾಸ್ತರರು ಹುಟ್ಟುವ ಮೊದಲು ಒಂದು ಮಳೆಗಾಲ ಖಾಡಿಯ ನೀರು ಮನೆಗೆ ನುಗ್ಗಿತು. ನೀರಿಳಿದ ಮೇಲೆ ಅವರ ಅಜ್ಜಿ ಟ್ರಂಕು ತೆರೆದು ಒಂದೊಂದೇ ಹಾಳೆಯನ್ನು ತಾರಸಿಯ ಗಚ್ಚಿಯ ಮೇಲೆ ಬಿಸಿಲಿಗೆ ಹರವಿದರು. "ಒಂದೂ ಹರಿದಿರಲಿಲ್ಲವಂತೆ ಸದಾನಂದ ಭಾಯಿ. ಎಲ್ಲ ಬಿಳಿ. ಎಲ್ಲ ಖಾಲಿ. ಆ ಖಾಲಿ ಕಾಗದಗಳನ್ನು ನಾನೂ ಅಕ್ಕನೂ ಚಿಕ್ಕಂದಿನಲ್ಲಿ ಮುಟ್ಟಿ ನೋಡ್ತಿದ್ವಿ. ಅವರು ಹೇಗೆ ಬರೀತಿದ್ರು ಅಂತ ನಮ್ಮ ಮನೆಯಲ್ಲಿ ಕಂಡವರು ಯಾರೂ ಇಲ್ಲ." ಇಷ್ಟು ವರ್ಷ ಊರಿನವರ ಹಾಳೆಗಳನ್ನೆಲ್ಲ ನಮಗೆ ಓದಿ ಹೇಳುತ್ತಿದ್ದುದು ಯಾಕೆಂದು ಅಂದು ತಿಳಿಯಿತು. ಪ್ರತಿ ಹಾಳೆಯ ಮೂಲೆಯಲ್ಲೂ ಅವರು ಆ ಒಂದು ಹೆಸರನ್ನೇ ಹುಡುಕುತ್ತಿದ್ದರು. ನನಗೆ ಅಳು ಬಂತು, ಅತ್ತುಬಿಟ್ಟೆ.

ಆದರೆ ಹಾಳೆ ಶೆಟ್ಟರದು. ತೇಪೆ ಎತ್ತಿದರೆ ದೊಡ್ಡ ಹೆಸರು ಸುಳ್ಳೆಂದು ಊರಿಗೇ ತಿಳಿಯುತ್ತದೆ. ಎತ್ತುವುದೂ ಸಲೀಸಲ್ಲ. ತೇಪೆಯ ಗಂಜಿ ಸಡಿಲವಾಗಬೇಕಾದರೆ ತೇವ ಬೇಕು, ತೇವ ಹೆಚ್ಚಾದರೆ ಅಡಿಯ ಮಸಿ ಕರಗಿ ಆ ಹೆಸರೇ ಹೋಗುತ್ತದೆ. ಹಾಗೆಯೇ ಬಿಟ್ಟರೆ ಮುಚ್ಚಿಯೇ ಇರುತ್ತದೆ, ಎತ್ತಿದರೆ ಇನ್ನೊಮ್ಮೆ ಬಿಳಿ ಕಾಗದವೇ ಸಿಕ್ಕಬಹುದು. ಬಾಯಿ ಇದನ್ನು ಮುಚ್ಚುಮರೆಯಿಲ್ಲದೆ ಮಾಸ್ತರರ ಎದುರೇ ಹೇಳಿದರು.

ಮರುದಿನ ಮೂವರೂ ನೆರೂಳಕ್ಕೆ ಹೋದೆವು. ಹಾಳೆಯ ಪೆಟ್ಟಿಗೆಯನ್ನು ಟ್ರೈನಿನಲ್ಲಿ ತೊಡೆಯ ಮೇಲೆ ಎಳೆ ಮಗುವಿನ ಹಾಗೆ ಹಿಡಿದು ಕೂತಿದ್ದೆ. ವಿಷಯ ಕೇಳಿ ಶೆಟ್ಟರ ಮುಖ ಇಳಿಯಿತು, ಆಮೇಲೆ ಕೆಂಪಾಯಿತು.

"ನಿಮಗೆ ಚುಕ್ಕಿ ನೋಡ್ಲಿಕ್ಕೆ ಯಾರು ಹೇಳಿದ್ದು ಸದಾನಂದಣ್ಣ? ಫ್ರೇಮ್ ಹಾಕ್ಲಿಕ್ಕೆ ಅಲ್ವಾ ಕೊಟ್ಟದ್ದು! ಇಂಥವರ ಕೈಬರಹ ಅಂತ ಊರಿಡೀ ಹೇಳಿ ಆಗಿದೆ. ಈಗ ಯಾರೋ ಕಲ್ಯಾಣದವರದ್ದು ಅಂದ್ರೆ ನನ್ನ ಮುಖ ಎಲ್ಲಿ ಇಡುದು?"

ಮಾಸ್ತರರು ಮೆಲ್ಲನೆ ಎದ್ದು, "ತೆಗೆಯೋದು ಬೇಡ ಶೆಟ್ಟಿಸಾಬ್. ಪ್ರದರ್ಶನ ಆದ ಮೇಲೆ ಒಂದು ಸಾರಿ ನನ್ನ ಅಕ್ಕನಿಗೆ ಬೆಳಕಿನ ಮೇಲೆ ತೋರಿಸಲು ಬಿಡಿ, ಸಾಕು. ಎಂಬತ್ತು ದಾಟಿದೆ ಅವಳಿಗೆ" ಎಂದರು.

"ನಿಮ್ಮ ಅಕ್ಕ ಯಾಕೆ?" ಎಂದರು ಶೆಟ್ಟರು. ಮಾಸ್ತರರು ಖಾಡಿಯ ನೀರಿನ ಕಥೆ ಹೇಳಿದರು. ಗಚ್ಚಿಯ ಮೇಲೆ ಹರವಿದ ಬಿಳಿ ಹಾಳೆಗಳ ಮಾತು ಬಂದಾಗ ಶೆಟ್ಟರು ಎದ್ದು ಅಡುಗೆಮನೆಗೆ ಹೋದರು. ಒಳಗೆ ಯಾರಿಗೋ ಸುಮ್ಮಸುಮ್ಮನೆ ತುಳುವಿನಲ್ಲಿ ಗದರಿದ್ದು ಕೇಳಿತು. ತಿರುಗಿ ಬಂದಾಗ ಕೈಯಲ್ಲಿ ಆರ್ಡರ್ ಬರೆಯುವ ಪುಸ್ತಕ. ಅದರ ಒಂದು ಚೀಟಿಯಲ್ಲಿ, ತೇಪೆ ತೆಗೆಯಲು ತನ್ನ ಒಪ್ಪಿಗೆ ಇದೆ, ಏನಾದರೂ ಹೊಣೆ ತನ್ನದೇ ಎಂದು ಕನ್ನಡದಲ್ಲಿ ಬರೆದು ಸಹಿ ಹಾಕಿದರು.

"ಸುಳ್ಳು ಹೆಸರು ಅಂತ ಗೊತ್ತಾದ ಮೇಲೆ ಗೋಡೆಯಲ್ಲಿ ಹ್ಯಾಗೆ ತೂಗು ಹಾಕುದು? ದಿನಾ ನಾನೇ ನೋಡ್ಬೇಕಲ್ಲ ಮಾರಾಯ್ರೆ. ತೆಗೀರಿ."

ಶುಕ್ರವಾರ ಗೊತ್ತು ಮಾಡಿದೆವು. ಅಂದು ವಾಗ್ಳೆ ಎಸ್ಟೇಟಿಗೆ ವಾರದ ರಜೆ, ಅಕ್ಕಪಕ್ಕದ ಪ್ರೆಸ್ಸುಗಳ ಅದುರಾಟ ಇರುವುದಿಲ್ಲ. ಮಾಸ್ತರರು ನಮಾಜು ಮುಗಿಸಿ ಎರಡು ಗಂಟೆಗೆ ಬಂದರು. ಶೆಟ್ಟರು ಒಂದು ಡಬ್ಬಿ ತುಂಬ ಗೋಳಿಬಜೆ ತಂದಿದ್ದರು. ಎಣ್ಣೆಯ ಕೈಯವರು ಮೇಜಿನಿಂದ ಹತ್ತು ಅಡಿ ದೂರ ಎಂದು ಬಾಯಿ ಅವರನ್ನು ಬಾಗಿಲಲ್ಲೇ ಕೂರಿಸಿದರು.

ಹಬೆಯನ್ನು ಮಾತ್ರ ಬಿಟ್ಟು ನೀರನ್ನು ಬಿಡದ ಒಂದು ಬಟ್ಟೆ ಇದೆ. ಅದನ್ನು ತೇಪೆಯ ಮೇಲೆ ಇಟ್ಟು, ಮೇಲೆ ತುಸು ತೇವದ ಒತ್ತುಕಾಗದ ಇಟ್ಟೆವು. ಕಾಲು ಗಂಟೆಗೊಮ್ಮೆ ಒಂದೊಂದು ನಿಮಿಷ ಮಾತ್ರ. ನಾಲ್ಕನೆಯ ಸಲಕ್ಕೆ ತೇಪೆಯ ತುದಿ ಉಸಿರಾಡಿತು. ಬಾಯಿ ಚಪ್ಪಟೆ ಚಾಕು ಎತ್ತಿಕೊಂಡರು, ತಮ್ಮ ಬೆರಳುಗಳನ್ನು ನೋಡಿಕೊಂಡರು. ಆ ವರ್ಷದಿಂದ ಅವರ ಕೈ ಸ್ವಲ್ಪ ನಡುಗುತ್ತಿತ್ತು. ಚಾಕುವನ್ನು ನನ್ನ ಕಡೆ ತಿರುಗಿಸಿದರು.

"ತೂ ಕರ್, ಸದಾನಂದ."

ಚುಕ್ಕಿ ಅಳಿಸಿದವನ ಕೈಗೆ! ಬೇಡ ಎನ್ನಲು ಬಾಯಿ ತೆರೆದೆ. ಮಾಸ್ತರರು ತಲೆಯಾಡಿಸಿ ಮಾಡಿ ಎಂದರು. ಕೂದಲು ಕೂದಲಾಗಿ ಚಾಕುವನ್ನು ಒಳಗೆ ಬಿಟ್ಟೆ. ಅರ್ಧ ಬಂದಾಗ ತೇಪೆಯ ಅಡಿಯಲ್ಲಿ ಕಪ್ಪು ಕಂಡಿತು. ಮಸಿ ತೇಪೆಗೆ ಹತ್ತಿ ಮೇಲೇಳುತ್ತಿದೆ! ನಿಲ್ಲಿಸಿದೆ. ದೇವಧರ ಬಾಯಿ ನನ್ನ ಕಿವಿಯ ಹತ್ತಿರ ಬಗ್ಗಿ, "ಒಣಗಲಿ. ಥಾಂಬ್. ಅವಸರ ನಕೋ" ಎಂದರು. ಅರ್ಧ ಗಂಟೆ ಆ ತೇಪೆಯ ತುದಿಯನ್ನು ಚಿಮಟದಲ್ಲಿ ಎತ್ತಿ ಹಿಡಿದು ಕೂತೆ. ಕುತ್ತಿಗೆ ಮರಗಟ್ಟಿತು. ಶೆಟ್ಟರು ಬಾಗಿಲಲ್ಲಿ ಯಾವುದೋ ದೇವರಿಗೆ ಹರಕೆ ಹೇಳುತ್ತಿದ್ದುದು ಕೇಳುತ್ತಿತ್ತು. ಮತ್ತೆ ಶುರು ಮಾಡಿದೆ, ಈ ಸಲ ತೇವವಿಲ್ಲದೆ, ಗಂಜಿಯನ್ನು ಪುಡಿಪುಡಿಯಾಗಿ ಬಿಡಿಸುತ್ತ. ಕೊನೆಯ ಎಳೆ ಬಿಟ್ಟಿತು. ತೇಪೆ ಪೂರ್ತಿ ನನ್ನ ಚಿಮಟಕ್ಕೆ ಬಂತು!

ಅದರ ಬೆನ್ನಿಗೆ ನಾಲ್ಕೈದು ಗೆರೆ ಅಂಟಿಕೊಂಡು ಬಂದಿದ್ದವು. ಹಾಳೆಯಲ್ಲಿ ಅಲ್ಲಲ್ಲಿ ಮಸುಕು. ಆದರೆ ಎರಡೂ ಸಾಲು ಇದ್ದವು. ನನಗೆ ಓದಲು ಬಾರದು, ಇದೆಯೆಂದು ಮಾತ್ರ ಕಂಡಿತು. ಜೋರಾಗಿ ಕೂಗಿಬಿಟ್ಟೆ. ಎಣ್ಣೆಗೈಯ ಶೆಟ್ಟರು ಗಡಿ ದಾಟಿ ಓಡಿ ಬಂದರು.

ಮಾಸ್ತರರು ಬಗ್ಗಿದರು. ಬೆರಳು ತಾಗಿಸದೆ ಬಲದಿಂದ ಎಡಕ್ಕೆ ಸರಿಸುತ್ತ ಒಮ್ಮೆ ಓದಿದರು. ಇನ್ನೊಮ್ಮೆ ಓದಿದರು. ಅವರ ಮುಖ ಬಾಡಿತು.

"ಇದು ಅವರ ಕೈ ಅಲ್ಲ" ಎಂದರು. "ಮೇಲಿನ ಸಾಲಲ್ಲಿ ಬರೆದವನ ಹೆಸರು ಕರೀಮ್. ಕೆಳಗೆ, ಮುನ್ಶಿ ಬದ್ರುದ್ದೀನರ ಶಿಷ್ಯ, ಬಂದರ್ ಕಲ್ಯಾಣ್ ಅಂತಿದೆ. ಅವರ ಶಾಗಿರ್ದ್ ಬರೆದದ್ದು."

ನನ್ನ ಕೈಯ ಚಿಮಟ ಹಾಗೇ ಉಳಿಯಿತು. ಶೆಟ್ಟರು "ಛೇ" ಎಂದರು. ಅವರ ಸಂಕಟ ತಮ್ಮ ಹಾಳೆಗಾಗಿ ಅಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಅಷ್ಟರಲ್ಲಿ ಮಾಸ್ತರರ ಫೋನ್ ಬಡಿದುಕೊಂಡಿತು. ಕಲ್ಯಾಣದಲ್ಲಿ ಕಾಯುತ್ತ ಕೂತಿದ್ದ ಅಕ್ಕ. ಕಿವಿ ಕೇಳದವರಾದ್ದರಿಂದ ಸ್ಪೀಕರಿಗೆ ಹಾಕಿದರು.

"ಸಿಕ್ಕಿದ್ರಾ?" ಎಂದು ಆಕೆ ಹಿಂದಿಯಲ್ಲಿ ಕೂಗಿದರು.

"ಹೆಸರು ಸಿಕ್ಕಿತು ಆಪಾ."

"ಹೆಸರು ನಮಗೆ ಗೊತ್ತೇ ಇತ್ತು. ಬರಹ ಹೇಗಿದೆ? ಚೆನ್ನಾಗಿ ಬರೀತಿದ್ರಾ?"

ಮಾಸ್ತರರು ಮತ್ತೆ ಹಾಳೆಯ ಕಡೆ ತಿರುಗಿದರು. ಈ ಸಲ ಸಹಿ ನೋಡಲಿಲ್ಲ. ನಾಲ್ಕು ಸಾಲುಗಳನ್ನು, ಅವುಗಳ ಉದ್ದ ಗೆರೆಗಳನ್ನು, ಒಂದೇ ಅಳತೆಯ ಚೂಪು ಚುಕ್ಕಿಗಳನ್ನು ನೋಡಿದರು. ನಲವತ್ತು ವರ್ಷ ಮಕ್ಕಳ ಬರಹ ತಿದ್ದಿದವರು ನೋಡುವ ಹಾಗೆ, ನಿಧಾನವಾಗಿ, ತಪ್ಪು ಹುಡುಕುತ್ತ. ಬಾಡಿದ್ದ ಮುಖ ಅರಳುತ್ತ ಬಂದದ್ದನ್ನು ನಾವು ಮೂವರೂ ಕಣ್ಣಾರೆ ಕಂಡೆವು.

"ಆಪಾ," ಎಂದರು, "ಅವರು ಬಹಳ ಚೆನ್ನಾಗಿ ಕಲಿಸ್ತಿದ್ರು."